ನ್ಯೂಟ್ರಲ್ ತಂತಿಯ ಮೇಲಣ ಭಾರ: ವಿದ್ಯುತ್ ಪ್ರವಾಹದ ಆಕಾರವನ್ನು ಕುರಿತು



ದತ್ತಿ ಉಪನ್ಯಾಸದ ಪೀಠಕ್ಕೆ ಕಾವ್ಯವೂ ದರ್ಶನವೂ ಇತಿಹಾಸವೂ ಒಪ್ಪುವಷ್ಟು ಸಹಜವಾಗಿ ಗೋಡೆಯೊಳಗೆ ಹೂತಿರುವ ತಾಮ್ರದ ತಂತಿಯು ಒಪ್ಪುವುದಿಲ್ಲವೆಂಬುದನ್ನು ನಾನು ಬಲ್ಲೆ. ಆದರೂ ಈ ಸಭಾಂಗಣದ ದೀಪಗಳು ಬೆಳಗುತ್ತಿರುವುದೂ, ನನ್ನ ಕ್ಷೀಣವಾದ ಕಂಠವನ್ನು ಧ್ವನಿವರ್ಧಕವು ಕೊನೆಯ ಸಾಲಿನವರೆಗೆ ಮುಟ್ಟಿಸುತ್ತಿರುವುದೂ ಆ ತಂತಿಯ ಕೃಪೆಯಿಂದಲೇ ಆದುದರಿಂದ, ಒಂದು ಸಂಜೆಯ ಮಟ್ಟಿಗೆ ಅದರ ಕಷ್ಟಸುಖವನ್ನು ವಿಚಾರಿಸುವುದು ಅನುಚಿತವಾಗಲಾರದೆಂದು ಭಾವಿಸಿ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಗಣಿತದ ಸೂತ್ರಗಳನ್ನು ಆದಷ್ಟು ದೂರವಿರಿಸುತ್ತೇನೆ. ಕೆಲವು ಅಂಕಿಗಳನ್ನು ಮಾತ್ರ ದೂರವಿರಿಸಲಾಗದು, ಏಕೆಂದರೆ ಈ ವಿಷಯದ ಮರ್ಮವೆಲ್ಲ ಅಡಗಿರುವುದು ಒಂದು ಸಣ್ಣ ಗುಣಾಕಾರದಲ್ಲಿ.

1902ರಲ್ಲಿ ಶಿವನಸಮುದ್ರದ ಜಲಪಾತದ ಶಕ್ತಿಯು 92 ಮೈಲಿಗಳ ತಂತಿಯನ್ನು ಹಿಡಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗಲೂ, ತರುವಾಯ 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ಶಕ್ತಿಯಿಂದ ದೀಪಗಳು ಬೆಳಗಿದಾಗಲೂ, ತಂತಿಯ ಕೊನೆಯಲ್ಲಿ ಕಾದಿದ್ದ ಉಪಕರಣಗಳು ಬಹು ಸಾಧುಸ್ವಭಾವದವಾಗಿದ್ದುವು. ಕಾದು ಕೆಂಪಾಗಿ ಬೆಳಕು ಬೀರುವ ದೀಪದ ಎಳೆಯಾಗಲಿ, ನೀರೆತ್ತುವ ಮೋಟಾರಾಗಲಿ, ತನಗೆ ಒದಗಿದ ವೋಲ್ಟೇಜಿನ ಏರಿಳಿತವನ್ನೇ ಅನುಸರಿಸಿ, ಅದು ಏರಿದಂತೆ ತಾನೂ ಹೆಚ್ಚು ಪ್ರವಾಹವನ್ನು ಸೆಳೆದು, ಇಳಿದಂತೆ ಕಡಿಮೆ ಮಾಡಿ, ಅದರ ಆಕಾರಕ್ಕೆ ಭಂಗ ತಾರದೆ ನಡೆದುಕೊಳ್ಳುತ್ತಿದ್ದಿತು. ಮೋಟಾರಿನ ಪ್ರವಾಹವು ಒಂದಿಷ್ಟು ಹಿಂದೆ ಬೀಳುತ್ತಿದ್ದಿತೇ ಹೊರತು ತನ್ನ ರೂಪವನ್ನು ಕೆಡಿಸಿಕೊಳ್ಳುತ್ತಿರಲಿಲ್ಲ. ಇಂಥ ಹೊರೆಗಳನ್ನು ರೇಖೀಯ ಹೊರೆಗಳೆಂದು ಕರೆಯುವರು. ನಮ್ಮ ವೈರಿಂಗಿನ ನಿಯಮಗಳು, ಕೇಬಲ್ಲುಗಳ ಗಾತ್ರಗಳು, ಫ್ಯೂಸುಗಳ ಸ್ಥಾನ, ಅಳೆಯುವ ಮೀಟರುಗಳು—ಇವೆಲ್ಲ ರೂಪುಗೊಂಡುದು ಅಂಥ ಸಾಧುಗಳನ್ನು ಮನಸ್ಸಿನಲ್ಲಿರಿಸಿಕೊಂಡೇ.

ಇಂದು ಒಂದು ಕಚೇರಿಯನ್ನೋ ಕಲ್ಯಾಣಮಂಟಪವನ್ನೋ ಹೊಕ್ಕು ನೋಡಿದರೆ ಆ ಸಾಧುಗಳ ಸಂಖ್ಯೆ ಬಹಳ ಕಡಿಮೆಯಾಗಿರುವುದು ಕಾಣುತ್ತದೆ. ಗಣಕಯಂತ್ರ, ದೂರದರ್ಶನ, ಮೊಬೈಲ್ ಚಾರ್ಜರು, ಎಲ್‌ಇಡಿ ದೀಪ, ಯುಪಿಎಸ್, ಲಿಫ್ಟಿನ ವೇಗವನ್ನು ನಿಯಂತ್ರಿಸುವ ಡ್ರೈವು—ಇವೆಲ್ಲವೂ ಮನೆಯೊಳಗೆ ಬಂದ ಪರ್ಯಾಯ ವಿದ್ಯುತ್ತನ್ನು ಮೊದಲು ಏಕಮುಖ ವಿದ್ಯುತ್ತನ್ನಾಗಿ ಮಾರ್ಪಡಿಸಿಕೊಂಡೇ ತಮ್ಮ ಕೆಲಸಕ್ಕೆ ತೊಡಗುತ್ತವೆ. ಹಾಗೆ ಮಾರ್ಪಡಿಸುವ ಸುಲಭೋಪಾಯವೆಂದರೆ ನಾಲ್ಕು ಡಯೋಡುಗಳ ಹಿಂದೆ ಒಂದು ಕೆಪಾಸಿಟರನ್ನು ಇಟ್ಟುಬಿಡುವುದು. ತುಂಬಿದ ಕೆಪಾಸಿಟರಿನ ವೋಲ್ಟೇಜಿಗಿಂತ ಹೊರಗಣ ವೋಲ್ಟೇಜು ಮೇಲೇರುವವರೆಗೂ ಡಯೋಡು ಬಾಗಿಲು ತೆರೆಯುವುದಿಲ್ಲ. ಅಲೆಯು ತನ್ನ ಶಿಖರವನ್ನು ಸಮೀಪಿಸಿದಾಗ ಮಾತ್ರ ತೆರೆದು, ದೊಡ್ಡದೊಂದು ಗುಟುಕನ್ನು ಹೀರಿ, ಮತ್ತೆ ಮುಚ್ಚಿಕೊಳ್ಳುತ್ತದೆ. 50 ಹರ್ಟ್ಸಿನ ವಿದ್ಯುತ್ತಿನಲ್ಲಿ ಅರ್ಧ ಅಲೆಗೆ 10 ಮಿಲಿಸೆಕೆಂಡು ಅವಧಿ. ಅದರಲ್ಲಿ ಎರಡು ಮೂರು ಮಿಲಿಸೆಕೆಂಡುಗಳಷ್ಟೇ ಪ್ರವಾಹವು ಹರಿದು, ಉಳಿದ ಕಾಲವೆಲ್ಲ ತಂತಿಯು ಬರಿದಾಗಿರುವುದು. ವೋಲ್ಟೇಜು ನುಣುಪಾದ ಅಲೆಯಾಗಿಯೇ ಇರುವಾಗ ಪ್ರವಾಹವು ಮೊನಚಾದ ಕೋಡುಗಳ ಸಾಲಾಗುತ್ತದೆ. ಇದೇ ಅರೇಖೀಯ ಹೊರೆಯ ಲಕ್ಷಣ.

ಈ ಕೋಡುಗಳ ಸಾಲಿನಲ್ಲಿ ಏನೇನು ಅಡಗಿದೆಯೆಂಬುದನ್ನು ಬಿಡಿಸಿ ಹೇಳುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟವನು ಫ್ರಾನ್ಸಿನ ಜೋಸೆಫ್ ಫೂರಿಯೇ. 1807ರಲ್ಲಿ ಅವನು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಈ ವಿಚಾರವನ್ನಿಟ್ಟಾಗ ಲಗ್ರಾಂಜನಂಥ ಧುರಂಧರನೇ ಆಕ್ಷೇಪವೆತ್ತಿದನು. ಗ್ರಂಥವು ಹೊರಬಂದುದು 1822ರಲ್ಲಿ. ಕಾಲಕಾಲಕ್ಕೆ ಮರುಕಳಿಸುವ ಯಾವ ಅಲೆಯೇ ಆಗಲಿ, ಅದರ ಆಕಾರ ಎಷ್ಟೇ ವಕ್ರವಾಗಿರಲಿ, ಅದನ್ನು ಒಂದು ಮೂಲ ಅಲೆಯೂ ಅದರ ಎರಡು, ಮೂರು, ನಾಲ್ಕು ಮಡಿ ಆವೃತ್ತಿಯುಳ್ಳ ನುಣುಪಾದ ಅಲೆಗಳೂ ಕೂಡಿ ಆದುದೆಂದು ತಿಳಿಯಬಹುದೆಂಬುದು ಅವನ ಸಿದ್ಧಾಂತದ ಸಾರ. ಈ ಮಡಿಗಳೇ ಹಾರ್ಮೋನಿಕ್‌ಗಳು. ಅವನು ಈ ಗಣಿತವನ್ನು ಕಟ್ಟಿದುದು ಘನವಸ್ತುಗಳಲ್ಲಿ ಉಷ್ಣವು ಹೇಗೆ ಹರಡುವುದೆಂಬುದನ್ನು ತಿಳಿಯಲೆಂದು. ತಂತಿಯೊಂದು ಕಾರಣವಿಲ್ಲದೆ ಕಾಯುವಂತೆ ತೋರಿದಾಗ ಅದರ ಕಾರಣವನ್ನು ಹುಡುಕಲು ನಾವು ಇಂದಿಗೂ ಮೊರೆಹೋಗುವುದು ಅದೇ ಗಣಿತವನ್ನು.

ಸಂಗೀತವನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದು ಏನೂ ಇಲ್ಲ. ಶ್ರುತಿ ಸೇರಿಸಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ, ಯಾರೂ ನುಡಿಸದ ಅಂತರ ಗಾಂಧಾರವು ತಾನೇ ತಾನಾಗಿ ಕೇಳಿಬರುತ್ತದೆ. ಅದು ಆ ತಂತಿಯ ಐದನೆಯ ಹಾರ್ಮೋನಿಕ್. ತಂಬೂರಿಯ ಕುದುರೆಯು ಚೂಪಾಗಿರದೆ ಅಗಲವಾಗಿ ಬಾಗಿರುವುದರಿಂದಲೂ, ತಂತಿಯ ಅಡಿಗೆ ಸೇರಿಸಿದ ದಾರದ ಎಳೆಯಿಂದಲೂ, ಕಂಪಿಸುವ ತಂತಿಯು ಕ್ಷಣಕ್ಷಣಕ್ಕೂ ಕುದುರೆಯನ್ನು ಮುಟ್ಟಿ ಬಿಟ್ಟು ಮಾಡುವುದರಿಂದ ಈ ಸಮೃದ್ಧಿಯುಂಟಾಗುತ್ತದೆ. ಸರ್ ಸಿ. ವಿ. ರಾಮನ್ನರು, ಬೆಂಗಳೂರಿಗೆ ಬರುವುದಕ್ಕೂ ಬಹಳ ಮುಂಚೆ, ಕಲ್ಕತ್ತೆಯಲ್ಲಿದ್ದ ಕಾಲದಲ್ಲಿ, ವೀಣೆ ತಂಬೂರಿಗಳ ಈ ವಿಲಕ್ಷಣ ನಡತೆಯನ್ನು ಪರೀಕ್ಷಿಸಿ 1921ರಲ್ಲಿ ಲೇಖನವನ್ನು ಪ್ರಕಟಿಸಿದರು. ಮುಟ್ಟಿ ಬಿಡುವ ಆ ಕುದುರೆಯೂ, ತೆರೆದು ಮುಚ್ಚುವ ಡಯೋಡೂ ಮಾಡುವ ಕೆಲಸ ಒಂದೇ ಜಾತಿಯದು. ಭೇದವಿಷ್ಟೆ: ತಂಬೂರಿಯಲ್ಲಿ ಐದನೆಯದು ಗಾಂಧಾರವಾಗಿ ಕಿವಿಗೆ ಇಂಪನ್ನೀಯುತ್ತದೆ; ಮೂರು ಫೇಸಿನ ಮೋಟಾರಿನೊಳಗೆ ಐದನೆಯದು, ಅಂದರೆ 250 ಹರ್ಟ್ಸಿನದು, ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಲೆಳಸಿ ಅದನ್ನು ಕಾಯಿಸುತ್ತದೆ.

ಆದರೆ ವೈರಿಂಗಿನ ದೃಷ್ಟಿಯಿಂದ ಐದನೆಯದಕ್ಕಿಂತ ಮೂರನೆಯದೇ ಪ್ರಮುಖ. ಇಲ್ಲಿ ಸ್ವಲ್ಪ ನಿಧಾನಿಸಿ ನಡೆಯಬೇಕು.

ದೊಡ್ಡ ಕಟ್ಟಡಗಳಿಗೆ ವಿದ್ಯುತ್ತು ಬರುವುದು ಮೂರು ಫೇಸು, ಒಂದು ನ್ಯೂಟ್ರಲ್—ಹೀಗೆ ನಾಲ್ಕು ತಂತಿಗಳಲ್ಲಿ. ಫೇಸುಗಳ ಅಲೆಗಳು ಒಂದರ ಹಿಂದೊಂದು 120 ಅಂಶಗಳ ಅಂತರದಲ್ಲಿ ಬರುವುವು. ಮೂರರ ಮೇಲೂ ಸಮನಾದ ರೇಖೀಯ ಹೊರೆಯಿದ್ದಲ್ಲಿ, ಯಾವ ಕ್ಷಣದಲ್ಲಿ ನೋಡಿದರೂ ಮೂರು ಪ್ರವಾಹಗಳ ಮೊತ್ತ ಸೊನ್ನೆ. ಒಂದು ಹೋಗುವಷ್ಟನ್ನು ಉಳಿದೆರಡು ಹೊತ್ತು ತರುವುವು. ನ್ಯೂಟ್ರಲ್ ತಂತಿಗೆ ಕೆಲಸವೇ ಇರದು. ಹೊರೆಗಳು ಸಮನಾಗಿಲ್ಲದಾಗ ಅವುಗಳ ವ್ಯತ್ಯಾಸವನ್ನಷ್ಟೇ ಅದು ಹೊರಬೇಕಾದೀತು. ಈ ಲೆಕ್ಕವನ್ನು ನಂಬಿಯೇ ನಮ್ಮವರು ಮೂರೂವರೆ ಕೋರಿನ ಕೇಬಲ್ಲನ್ನು ರೂಢಿಗೆ ತಂದರು: ಫೇಸುಗಳು ಮೂರು ಪೂರ್ಣ ಗಾತ್ರದವು, ನ್ಯೂಟ್ರಲ್ ಹೆಚ್ಚುಕಡಿಮೆ ಅರ್ಧ ಗಾತ್ರದ್ದು. ಫೇಸಿನ ತಂತಿ 70 ಚದರ ಮಿಲಿಮೀಟರಿನದಾದರೆ ನ್ಯೂಟ್ರಲಿನದು 35. ಲೋಹದ ಉಳಿತಾಯವಾಯಿತು, ಲೆಕ್ಕವೂ ತಪ್ಪಾಗಿರಲಿಲ್ಲ.

ಈಗ ಮೂರನೆಯ ಹಾರ್ಮೋನಿಕನ್ನು ಈ ಏರ್ಪಾಟಿನೊಳಗೆ ಬಿಟ್ಟು ನೋಡೋಣ. ಮೂಲ ಅಲೆಗಳ ಅಂತರ 120 ಅಂಶ. ಮೂರು ಮಡಿ ವೇಗದಿಂದ ಏರಿಳಿಯುವ ಅಲೆಗೆ ಅದೇ ಕಾಲಾಂತರವು ಮೂರು ಮಡಿ ಅಂಶಗಳಾಗುವುದು. 120ನ್ನು ಮೂರರಿಂದ ಗುಣಿಸಿದರೆ 360. ಮುನ್ನೂರರವತ್ತು ಅಂಶಗಳೆಂದರೆ ಪೂರ್ಣ ಒಂದು ಸುತ್ತು, ಅಂದರೆ ಅಂತರವೇ ಇಲ್ಲ. ಮೂರು ಫೇಸುಗಳ ಮೂರನೆಯ ಹಾರ್ಮೋನಿಕ್‌ಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುವು. ಪರಸ್ಪರ ಕಳೆಯಬೇಕಾಗಿದ್ದುವು ನ್ಯೂಟ್ರಲಿನಲ್ಲಿ ಬಂದು ಕೂಡಿಕೊಳ್ಳುವುವು. ಒಂಬತ್ತನೆಯದಕ್ಕೂ ಹದಿನೈದನೆಯದಕ್ಕೂ ಇದೇ ಗತಿ. ನಾನು ಆರಂಭದಲ್ಲಿ ಸೂಚಿಸಿದ ಸಣ್ಣ ಗುಣಾಕಾರವೆಂದರೆ ಇದೇ. ಒಂದು ಶತಮಾನದಿಂದ ನಂಬಿಕೊಂಡು ಬಂದ ವಿಶ್ವಾಸವೊಂದು ಇಷ್ಟರಿಂದಲೇ ಕುಸಿಯುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಪ್ರತಿ ಫೇಸಿನಲ್ಲೂ ಮೂಲ ಪ್ರವಾಹ 100 ಆಂಪಿಯರು, ಮೂರನೆಯ ಹಾರ್ಮೋನಿಕ್ ಅದರ ನೂರಕ್ಕೆ 70 ಎಂದು ಇಟ್ಟುಕೊಳ್ಳೋಣ. ಆಕಾರಶುದ್ಧಿಯ ಏರ್ಪಾಡಿಲ್ಲದ ಅಗ್ಗದ ಉಪಕರಣಗಳಲ್ಲಿ ಇದು ಅತಿಶಯೋಕ್ತಿಯಲ್ಲ. ಉಷ್ಣವು ಪ್ರವಾಹಗಳ ವರ್ಗಗಳನ್ನು ಕೂಡಿಕೊಂಡು ನಡೆಯುವುದರಿಂದ ಫೇಸಿನ ಪರಿಣಾಮೀ ಪ್ರವಾಹ ಸುಮಾರು 122 ಆಂಪಿಯರಾಗುವುದು. ಅಂದರೆ ಫೇಸಿನ ತಂತಿಯೇ, ಒಂದು ವ್ಯಾಟಿನಷ್ಟು ಹೆಚ್ಚು ಕೆಲಸವನ್ನೂ ಮಾಡದೆ, ನೂರಕ್ಕೆ 49ರಷ್ಟು ಹೆಚ್ಚಾಗಿ ಕಾಯುತ್ತಿರುವುದು. ನ್ಯೂಟ್ರಲಿನಲ್ಲಾದರೋ, ಮೂಲ ಪ್ರವಾಹಗಳೆಲ್ಲ ಕಳೆದುಹೋದರೂ, 70ರ ಮೂರು ಮಡಿ, 210 ಆಂಪಿಯರು ಹರಿಯುವುದು. ಆ ನ್ಯೂಟ್ರಲ್ ಅರ್ಧ ಗಾತ್ರದ್ದಾಗಿದ್ದರೆ ಅದರ ರೋಧವು ಎರಡರಷ್ಟಾಗಿ, ಅದರಲ್ಲಿ ಹುಟ್ಟುವ ಉಷ್ಣವು ಒಂದು ಫೇಸಿನ ತಂತಿಯಲ್ಲಿ ಹುಟ್ಟುವುದರ ಹತ್ತಿರ ಹತ್ತಿರ ಆರು ಮಡಿಯಾಗುವುದು. ಪಿವಿಸಿ ಹೊದಿಕೆಯು ಸಹಿಸಬಲ್ಲುದು 70 ಡಿಗ್ರಿ ಸೆಲ್ಸಿಯಸ್. ಮಿತಿಯನ್ನು ಮೀರಿದ ಪ್ರತಿ ಹತ್ತು ಡಿಗ್ರಿಗೂ ಹೊದಿಕೆಯ ಆಯುಸ್ಸು ಅರ್ಧವಾಗುವುದೆಂಬುದು ಎಂಜಿನಿಯರುಗಳ ಸ್ಥೂಲ ನಿಯಮ.

ಅನರ್ಥದ ಮೇಲೆ ಅನರ್ಥವೆಂಬಂತೆ, ಈ ತಂತಿಗೆ ಕಾವಲುಗಾರನಿಲ್ಲ. ನ್ಯೂಟ್ರಲ್ ತಂತಿಯಲ್ಲಿ ಫ್ಯೂಸನ್ನು ಇಡಬಾರದೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ನಮ್ಮಲ್ಲಿರುವ ಕಟ್ಟುಪಾಡು, ಮತ್ತು ಅದು ಅತ್ಯಂತ ವಿವೇಕದ ಕಟ್ಟುಪಾಡು. ನ್ಯೂಟ್ರಲ್ ಒಂದೇ ಕಡಿದುಹೋದರೆ ಆಗುವ ಅನಾಹುತವನ್ನು ನಮ್ಮ ಬಡಾವಣೆಗಳ ಜನ ಕಣ್ಣಾರೆ ಕಂಡಿದ್ದಾರೆ: ಎರಡು ಫೇಸುಗಳ ನಡುವಣ 400 ವೋಲ್ಟಿನಷ್ಟು ಒತ್ತಡವು ಎರಡು ಮನೆಗಳ ಉಪಕರಣಗಳ ಮೇಲೆ ಹಂಚಿಹೋಗಿ, ಯಾರ ಮನೆಯಲ್ಲಿ ಕಡಿಮೆ ಹೊರೆಯಿದೆಯೋ ಅವರ ಪಾಲಿಗೆ ಹೆಚ್ಚು ವೋಲ್ಟೇಜು ಬಿದ್ದು, ಮಿತವಾಗಿ ಬಳಸುತ್ತಿದ್ದವನ ಟೀವಿಯೇ ಮೊದಲು ಸುಡುತ್ತದೆ. ಆದುದರಿಂದ ಫ್ಯೂಸನ್ನಿಡಲಾಗದು, ಇಡದಿದ್ದರೆ ಅಧಿಕ ಪ್ರವಾಹವನ್ನು ತಡೆಯುವವರಿಲ್ಲ. ಫೇಸುಗಳ ಮೇಲಿನ ಎಂಸಿಬಿಗಳು ತಂತಮ್ಮ 122 ಆಂಪಿಯರನ್ನು ನೋಡಿಕೊಂಡು ನೆಮ್ಮದಿಯಿಂದಿರುವಾಗ, ಪಕ್ಕದಲ್ಲೇ 210 ಆಂಪಿಯರಿನ ನ್ಯೂಟ್ರಲ್ ಬೇಯುತ್ತಿರುವುದು ಅವುಗಳ ಅರಿವಿಗೇ ಬಾರದು. ಸಾಮಾನ್ಯವಾಗಿ ಮೊದಲು ಸೋಲುವುದು ತಂತಿಯ ನಡುಭಾಗವಲ್ಲ, ಸಡಿಲವಾದ ಜೋಡಣೆ—ಬೋರ್ಡಿನೊಳಗಿನ ನ್ಯೂಟ್ರಲ್ ಲಿಂಕಿನ ತಿರುಪು. ಅಲ್ಲಿ ಕಾದು, ಕಪ್ಪಾಗಿ, ಇನ್ನಷ್ಟು ಸಡಿಲವಾಗಿ, ಕೊನೆಗೊಂದು ದಿನ ಬಿಟ್ಟುಕೊಂಡಿತೆಂದರೆ ನ್ಯೂಟ್ರಲ್ ಕಡಿದುಹೋದಾಗಿನ, ಈಗ ಹೇಳಿದ ಅನಾಹುತವೂ ತಾನಾಗಿಯೇ ಒದಗುವುದು. ಮೇಜು ಮೇಜಿಗೂ ಗಣಕಯಂತ್ರಗಳು ಬಂದ 1980ರ ದಶಕದ ಅಮೆರಿಕದ ಕಚೇರಿಗಳಲ್ಲಿ ಎಂಜಿನಿಯರುಗಳು ನ್ಯೂಟ್ರಲಿನ ಈ ಅಧಿಕ ಭಾರವನ್ನು ಮೊದಲು ಗಂಭೀರವಾಗಿ ಗಮನಿಸತೊಡಗಿದರು.

ಇಷ್ಟನ್ನು ಕೇಳಿ, ನಮ್ಮ ಮನೆಯ ಗೋಡೆಯೊಳಗಿನ ತಂತಿಯೂ ಹೀಗೆ ಬೇಯುತ್ತಿರಬಹುದೆ ಎಂದು ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಒಂದೇ ಫೇಸಿನ ಮನೆಯಲ್ಲಿ ಹೋದಷ್ಟೇ ಪ್ರವಾಹ ಮರಳುವುದು. ಕೂಡಿಕೊಳ್ಳಲು ಬೇರೆ ಫೇಸುಗಳೇ ಇಲ್ಲ. ಎಲ್‌ಇಡಿ ದೀಪವನ್ನು ಈ ವಿಷಯದಲ್ಲಿ ಮುಖ್ಯ ಅಪರಾಧಿಯೆಂದು ದೂಷಿಸುವವರುಂಟು, ನಾನು ಒಪ್ಪುವವನಲ್ಲ. 60 ವ್ಯಾಟಿನ ಹಳೆಯ ಬಲ್ಬಿನ ಸ್ಥಾನದಲ್ಲಿ 9 ವ್ಯಾಟಿನ ದೀಪ ಕುಳಿತಾಗ ಅದರ ಪ್ರವಾಹದ ಆಕಾರವೆಷ್ಟೇ ಕೆಟ್ಟಿದ್ದರೂ ಒಟ್ಟು ಪ್ರವಾಹವೇ ಅಷ್ಟು ಕಡಿಮೆಯಾಗಿರುವುದರಿಂದ ತಂತಿಗೆ ಲಾಭವೇ ಹೊರತು ನಷ್ಟವಿಲ್ಲ. ಶೇಕಡಾವಾರು ಅಂಕಿಯನ್ನು ಮಾತ್ರ ಹಿಡಿದು ಆಂಪಿಯರನ್ನು ಮರೆಯುವುದು ಈ ವಿಷಯದಲ್ಲಿ ಪಂಡಿತರೂ ಮಾಡುವ ಪ್ರಮಾದ. ಸಾವಿರಾರು ದೀಪಗಳ ಅಲಂಕಾರವನ್ನು ಹೊತ್ತ ಮಂಟಪವೋ, ನೂರಾರು ಗಣಕಗಳ ಮಹಡಿಯೋ ಆದಾಗ ಮಾತು ಬೇರೆ. ಅದರಲ್ಲೂ ಕರೆಂಟು ಹೋಗಿ ಜನರೇಟರು ಓಡತೊಡಗಿದಾಗ, ಅದರ ಅಂತಸ್ಥ ಪ್ರತಿಬಂಧ ಹೆಚ್ಚಾದುದರಿಂದ, ಪ್ರವಾಹದ ವಕ್ರತೆಯು ವೋಲ್ಟೇಜಿಗೂ ಅಂಟಿ, ಅಲೆಯ ನೆತ್ತಿ ಚಪ್ಪಟೆಯಾಗುವುದು.

ಹೆಚ್ಚಿನ ಆವೃತ್ತಿಯ ಪ್ರವಾಹವು ವಾಹಕದ ಹೊರಮೈಗೆ ಸರಿದು ಹರಿಯುವುದೆಂಬ ಇನ್ನೊಂದು ಸಂಗತಿಯನ್ನೂ ಇಂಥ ಚರ್ಚೆಗಳಲ್ಲಿ ಬಹಳವಾಗಿ ಪ್ರಸ್ತಾಪಿಸುವರು. ತಾಮ್ರದಲ್ಲಿ 50 ಹರ್ಟ್ಸಿಗೆ ಪ್ರವಾಹವು ಮೈಯಿಂದ ಒಳಹೊಗುವ ಆಳ ಸುಮಾರು 9 ಮಿಲಿಮೀಟರು, 150ಕ್ಕೆ ಐದಕ್ಕಿಂತ ತುಸು ಹೆಚ್ಚು. ಮನೆಯ 2.5 ಚದರ ಮಿಲಿಮೀಟರಿನ ತಂತಿಯ ವ್ಯಾಸವೇ ಎರಡು ಮಿಲಿಮೀಟರು ಮುಟ್ಟದಿರುವಾಗ ಅಲ್ಲಿ ಈ ಚಿಂತೆಗೆ ಎಡೆಯಿಲ್ಲ. ದಪ್ಪ ಕೇಬಲ್ಲುಗಳಲ್ಲೂ ಬಸ್‌ಬಾರುಗಳಲ್ಲೂ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳ್ಳಿಯವರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅದರ 11 ಕಿಲೋವೋಲ್ಟಿನ ಕಡೆಯ ಸುರುಳಿಗಳು ತ್ರಿಕೋನಾಕಾರದಲ್ಲಿ ಜೋಡಿಸಲ್ಪಟ್ಟಿರುವುದರಿಂದ ಮೂರನೆಯ ಹಾರ್ಮೋನಿಕ್ ಹೊರಬೀಳಲು ದಾರಿಗಾಣದೆ ಒಳಗೇ ಸುತ್ತುವುದು. ಮೇಲಣ ಮಾರ್ಗವು ಶುದ್ಧವಾಗಿ ಉಳಿಯುವುದು, ಅದರ ಬೆಲೆಯನ್ನು ಸುರುಳಿಗಳು ತೆರುವುವು. ಸುಳಿಪ್ರವಾಹಗಳಿಂದಾಗುವ ನಷ್ಟವು ಆವೃತ್ತಿಯ ವರ್ಗದಂತೆ ಬೆಳೆಯುವುದರಿಂದ, ಫಲಕದ ಮೇಲೆ ಬರೆದ ಸಾಮರ್ಥ್ಯವನ್ನು ಅದು ಹೊರಲಾರದು.

ಕಾರ್ಖಾನೆಗಳಲ್ಲಿ ತಲೆದೋರುವ ವಿಪತ್ತು ಬೇರೊಂದು ಬಗೆಯದು. ಪವರ್ ಫ್ಯಾಕ್ಟರು ಕಡಿಮೆಯಾದರೆ ದಂಡ ತೆರಬೇಕಾದೀತೆಂದು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಮಾಲೀಕರು ಕೆಪಾಸಿಟರುಗಳನ್ನು ಕೂರಿಸುವುದುಂಟು. ಅದು ತಾನಾಗಿ ಒಳ್ಳೆಯ ಕೆಲಸವೇ. ಆದರೆ ಕೆಪಾಸಿಟರೂ ಟ್ರಾನ್ಸ್‌ಫಾರ್ಮರೂ ಕೂಡಿದಲ್ಲಿ ಯಾವುದೋ ಒಂದು ಆವೃತ್ತಿಗೆ ಅನುರಣನೆಯುಂಟಾಗಲೇಬೇಕು. ಶೇಕಡಾ 4.5ರ ಪ್ರತಿಬಂಧವುಳ್ಳ 250 ಕೆವಿಎ ಟ್ರಾನ್ಸ್‌ಫಾರ್ಮರಿಗೆ 100 ಕೆವಿಎಆರ್ ಕೆಪಾಸಿಟರನ್ನು ಜೋಡಿಸಿದರೆ ಆ ಆವೃತ್ತಿ ಮೂಲದ ಏಳೂವರೆ ಮಡಿಯ ಸುಮಾರಿಗೆ ಬೀಳುವುದು. ಅದೇ ಕಾರ್ಖಾನೆಯೊಳಗೆ ಓಡುವ ಡ್ರೈವುಗಳು ಹೊರಚೆಲ್ಲುವುದೂ ಐದನೆಯ, ಏಳನೆಯ ಹಾರ್ಮೋನಿಕ್‌ಗಳನ್ನೇ. ಏಳನೆಯದು ಅಲ್ಲಿ ಬಲಗೊಂಡು, ಕೆಪಾಸಿಟರು ಉಬ್ಬಿ ಒಡೆಯುವುದು. ಹಾಳಾದುದರ ಸ್ಥಾನದಲ್ಲಿ ಅಂಥದೇ ಇನ್ನೊಂದನ್ನು ತಂದು ಕೂರಿಸಿ, ಮಾರಿದವನನ್ನು ಬೈಯುವುದು ಲೋಕರೂಢಿ. ಕೆಪಾಸಿಟರಿನೊಡನೆ ಶೇಕಡಾ 7ರ ಒಂದು ರಿಯಾಕ್ಟರನ್ನು ಸೇರಿಸಿ, ಜೋಡಿಯ ಶ್ರುತಿಯನ್ನು 189 ಹರ್ಟ್ಸಿಗೆ, ಅಂದರೆ ಐದನೆಯದಕ್ಕಿಂತ ಕೆಳಗೆ ಇಳಿಸಿಟ್ಟರೆ ಈ ಪೀಡೆ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಕುತೂಹಲಕರವೆಂದು ನನಗೆ ತೋರುವುದು ಮೀಟರಿನ ವಂಚನೆ. ಅಗ್ಗದ ಕ್ಲ್ಯಾಂಪ್ ಮೀಟರು ಪ್ರವಾಹದ ಸರಾಸರಿಯನ್ನಳೆದು, ಅದನ್ನು 1.11ರಿಂದ ಗುಣಿಸಿ, ಇದೇ ಪರಿಣಾಮೀ ಪ್ರವಾಹವೆಂದು ಸಾರುತ್ತದೆ. ಅಲೆಯು ಶುದ್ಧವಾಗಿದ್ದಾಗ ಅದು ಸತ್ಯವೇ. ಅಲೆ ಕೋಡಾಗಿದ್ದಾಗ ನಿಜವಾದುದಕ್ಕಿಂತ ಬಹಳ ಕಡಿಮೆಯನ್ನು ತೋರುವುದು. ಎಂಸಿಬಿಯೊಳಗಿನ ದ್ವಿಲೋಹದ ಪಟ್ಟಿಯಾದರೋ ನಿಜವಾದ ಉಷ್ಣಕ್ಕೇ ಬಾಗುವಂಥದು, ಅದಕ್ಕೆ ಮೋಸವಿಲ್ಲ. ಎಂಸಿಬಿ ಪದೇ ಪದೇ ಬೀಳುತ್ತಿದೆ, ಮೀಟರು ಹೊರೆ ಕಡಿಮೆಯೆನ್ನುತ್ತಿದೆ; ಆಗ ಕೆಲಸಗಾರನು ಎಂಸಿಬಿಯೇ ಕೆಟ್ಟಿತೆಂದು ತೀರ್ಮಾನಿಸಿ, ದೊಡ್ಡದೊಂದನ್ನು ಹಾಕಿ ಹೋಗುತ್ತಾನೆ. ಸತ್ಯವನ್ನು ನುಡಿದ ಸಾಕ್ಷಿಯನ್ನು ಹೊರಗಟ್ಟಿ, ಸುಳ್ಳುಸಾಕ್ಷಿಯ ಮಾತಿನಂತೆ ತೀರ್ಪಿತ್ತಂತಾಯಿತು. ಟ್ರೂ ಆರ್‌ಎಂಎಸ್, ಅಂದರೆ ನಿಜವಾದ ಪರಿಣಾಮೀ ಮೌಲ್ಯ, ಎಂಬ ಮುದ್ರೆಯುಳ್ಳ ಮೀಟರನ್ನು ಕೊಳ್ಳುವುದೊಂದೇ ಇದಕ್ಕೆ ಮದ್ದು.

ಹಾಗಾದರೆ ಈ ಅಶುದ್ಧಿಯನ್ನು ತೊಳೆಯಬೇಕಾದವರಾರು? ದೊಡ್ಡವರ ಮಟ್ಟದಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 2003ರಲ್ಲಿ ಬಂದ 500 ಕಿಲೋವೋಲ್ಟಿನ ಏಕಮುಖ ವಿದ್ಯುತ್ ಮಾರ್ಗವು, ಪರ್ಯಾಯವನ್ನು ಏಕಮುಖಕ್ಕೂ ಏಕಮುಖವನ್ನು ಪರ್ಯಾಯಕ್ಕೂ ಮಾರ್ಪಡಿಸುವ ಮಹಾಯಂತ್ರಗಳನ್ನು ಎರಡು ತುದಿಯಲ್ಲೂ ಹೊಂದಿದೆ. ಅವೂ ಅರೇಖೀಯವೇ, ಅವೂ ಹಾರ್ಮೋನಿಕ್‌ಗಳನ್ನು ಹುಟ್ಟಿಸುವುವೇ. ಆದರೆ ಅವನ್ನು ಹುಟ್ಟಿದೆಡೆಯಲ್ಲೇ ಹೀರಿಕೊಳ್ಳುವ ಸೋಸುಮಂಡಲಗಳನ್ನು ಪಕ್ಕದಲ್ಲಿ ನಿಲ್ಲಿಸಿರುವರು. ಇಷ್ಟು ದೊಡ್ಡ ಯಂತ್ರಕ್ಕೆ ಅನ್ವಯಿಸುವ ನ್ಯಾಯವು ಚಿಕ್ಕದಕ್ಕೂ ಅನ್ವಯಿಸಬೇಡವೆ? ಐಇಸಿಯ 61000-3-2 ಎಂಬ ಅಂತರರಾಷ್ಟ್ರೀಯ ಮಾನಕವು ಪ್ರತಿ ಫೇಸಿಗೆ 16 ಆಂಪಿಯರಿನವರೆಗಿನ ಉಪಕರಣಗಳಿಗೆ ಮಿತಿಗಳನ್ನು ವಿಧಿಸಿದೆ; ಅದರಂತೆ 75 ವ್ಯಾಟಿಗೆ ಮೇಲ್ಪಟ್ಟ ಗಣಕ ದೂರದರ್ಶನಗಳ ತಯಾರಕರು ಪ್ರವಾಹದ ಆಕಾರವನ್ನು ತಿದ್ದುವ ಮಂಡಲವನ್ನು ಉಪಕರಣದೊಳಗೇ ಅಳವಡಿಸಬೇಕಾಗುತ್ತದೆ. ಅಲ್ಲಿ ಖರ್ಚಾಗುವುದು ಅಲ್ಪ. ಅದನ್ನು ಉಳಿಸಿದ ತಯಾರಕನ ಲಾಭವು, ಕಟ್ಟಡದ ಒಡೆಯನ ಕೇಬಲ್ಲಿನಲ್ಲೂ ವಿದ್ಯುತ್ ಕಂಪನಿಯ ಟ್ರಾನ್ಸ್‌ಫಾರ್ಮರಿನಲ್ಲೂ ಅನೇಕ ಮಡಿಯ ವೆಚ್ಚವಾಗಿ ಹೊರಹೊಮ್ಮುವುದು. ಕೊಳ್ಳುವವನು ವ್ಯಾಟನ್ನೂ ಬೆಲೆಯನ್ನೂ ಓದುತ್ತಾನೆಯೇ ಹೊರತು ಆಕಾರವನ್ನು ಓದಲಾರನಾದುದರಿಂದ, ಇದನ್ನು ಮಾರುಕಟ್ಟೆಯ ವಿವೇಕಕ್ಕೆ ಬಿಟ್ಟುಬಿಡುವುದು ಸಲ್ಲದೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಈಗಾಗಲೇ ಎದ್ದುನಿಂತ ಕಟ್ಟಡಗಳಲ್ಲಿ ಮಾಡಬಹುದಾದ ಕೆಲಸವು ಕಷ್ಟದ್ದಲ್ಲ: ಕಚೇರಿಯ ಪೂರ್ಣ ಹೊರೆಯಿರುವ ಹೊತ್ತಿನಲ್ಲಿ, ನಾನು ಹೇಳಿದ ಮೀಟರನ್ನು ಮೂರು ಫೇಸಿಗೆ ಹಿಡಿದಂತೆ ನ್ಯೂಟ್ರಲಿಗೂ ಹಿಡಿದು ನೋಡುವುದು, ಲಿಂಕಿನ ತಿರುಪುಗಳನ್ನು ವರ್ಷಕ್ಕೊಮ್ಮೆಯಾದರೂ ವಿದ್ಯುತ್ ನಿಲ್ಲಿಸಿ ಬಿಗಿಮಾಡಿಸುವುದು. ಹೊಸದಾಗಿ ಕಟ್ಟುವಲ್ಲಿ ಮೂರೂವರೆ ಕೋರಿಗೆ ಬದಲು ಪೂರ್ಣ ನಾಲ್ಕು ಕೋರಿನ ಕೇಬಲ್ಲನ್ನೂ, ಗಣಕಗಳೇ ಗಿಜಿಗುಡುವ ಮಹಡಿಗಳಿಗೆ ಎರಡರಷ್ಟು ಗಾತ್ರದ ನ್ಯೂಟ್ರಲನ್ನೂ ಅಂದಾಜುಪಟ್ಟಿಯಲ್ಲಿ ಕಾಣಿಸುವುದು. ಕೆಲಸವಿಲ್ಲದ ತಂತಿಗೆ ಇಷ್ಟೊಂದು ಲೋಹವೇಕೆ ಎಂದು ಲೆಕ್ಕಪರಿಶೋಧಕರು ಆಕ್ಷೇಪವೆತ್ತದೆ ಇರರು. ಅಂಥ ಸಂದರ್ಭದಲ್ಲಿ, 70ರ ಮೂರು ಮಡಿ 210 ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕಡತಕ್ಕೆ ಲಗತ್ತಿಸಬಹುದು.